ಹಿತ್ತಲ ಬಾಗಿಲಿನಿಂದ ಬಂದವನು

ತಿಳವಳ್ಳಿ
ರವಿವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಮೊಮ್ಮಗ ಶಂಭುಲಿಂಗನಿಗೆ,

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ನೋಯುತ್ತದೋ ಇಳಿಯುವಾಗಲೋ ನೋಡಿಕೊ. ಇಳಿಯುವಾಗ ನೋಯುವ ಮೊಣಕಾಲು ಹೆಚ್ಚು ಹಟಮಾರಿ, ನನ್ನದೂ ಆ ಜಾತಿಯದೇ. ಬಿಸಿನೀರಿನ ಶಾಖ ಕೊಡು. ಖಾನಾವಳಿಯ ಮಾಲಕರಿಗೆ ಹೇಳಿ ನಡುನಡುವೆ ಕೂತು ಏಳು. ಕೊಲ್ಲಾಪುರದ ಖಾರ ನಿನ್ನ ಹೊಟ್ಟೆಗೆ ಹಿಡಿಸಿತೇ? ನೀನು ಬಡಿಸುವ ಕೆಲಸದಲ್ಲಿದ್ದೀಯೆಂದು ಕೇಳಿ ನನಗೆ ಮೊದಲು ನಗು ಬಂತು. ಮನೆಯಲ್ಲಿ ತಾನು ಕುಡಿದ ಲೋಟವನ್ನೂ ಎತ್ತಿಡದವನು ಕಂಡವರಿಗೆಲ್ಲ ತಾಟು ಇಡುತ್ತಿದ್ದಾನಲ್ಲ ಎಂದುಕೊಂಡೆ. ಆಮೇಲೆ ಆ ನಗು ಎಲ್ಲಿ ಹೋಯಿತೋ, ಸೆರಗು ಕಣ್ಣಿಗೆ ಹೋಯಿತು.

ಈ ಪತ್ರ ತಂದ ಮುನಾಫನ ಮೇಲೆ ಸಿಟ್ಟಾಗಬೇಡ. ನಿನ್ನ ಜೊತೆ ಹಾನಗಲ್ಲಿನಲ್ಲಿ ಕಾಲೇಜು ಓದಿದವನು, ಮನೆಯವರಿಗೆ ಹೇಳುವುದಿಲ್ಲವೆಂದು ನಿನಗೆ ಕೊಟ್ಟ ಮಾತನ್ನು ಬಹಳ ದಿನ ಹೊಟ್ಟೆಯಲ್ಲಿಟ್ಟುಕೊಂಡ. ತನ್ನ ಗಾಡಿಯಲ್ಲಿ ಸವಣೂರಿನ ವೀಳ್ಯದೆಲೆ ಹೇರಿಕೊಂಡು, ಶಿಗ್ಗಾವಿಯ ಮೇಲೆ ಹೆದ್ದಾರಿ ಹಿಡಿದು ಕೊಲ್ಲಾಪುರಕ್ಕೆ ಹೋದಾಗ ನೀನೇ ಬಂದು ಅವನ ಮುಂದೆ ತಾಟು ಇಟ್ಟೆಯಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದಿರಂತೆ, ಅವನಿಗೆ ಉಣ್ಣಲಾಗಲಿಲ್ಲವಂತೆ. ಮೊನ್ನೆ ನಮ್ಮ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಎಲೆಯ ದರದ ಮಾತಾಡಿದ. ಕೊನೆಗೆ, "ಆಯಿ, ನಿಮ್ಮ ಮುಂದ ಸುಳ್ಳು ಹೇಳಾಕ ಆಗವಲ್ದು" ಎಂದು ಎಲ್ಲವನ್ನೂ ಹೇಳಿಬಿಟ್ಟ. ನಾನು ನಿನ್ನ ತಾಯಿ ವಾಣಿಶ್ರೀಗೆ ಮಾತ್ರ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಹೇಳಿದ್ದೇನೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಆ ರೊಟ್ಟಿ ಹಪ್ಪಳದಷ್ಟು ತೆಳ್ಳಗಾಗುವವರೆಗೆ ಬಡಿದಳು. ನಿನ್ನ ಅಪ್ಪನಿಗೆ ಹೇಳಿಲ್ಲ.

ನೀನು ತರಬೇತಿಯಲ್ಲಿ ಮೊಣಕಾಲು ಕೆಡಿಸಿಕೊಂಡೆ, ಸೈನ್ಯದವರು ವಾಪಸ್ ಕಳಿಸಿದರು ಎಂಬುದು ನಿನ್ನ ಜೊತೆಯ ಹುಡುಗ ಫೋನು ಮಾಡಿದಾಗಲೇ ನಮಗೆ ತಿಳಿದಿತ್ತು. ಹೋಳಿ ಮುಗಿದ ಮೇಲೆ ನೀನು ಊರಿಗೆ ಬಂದಿದ್ದೆ ಎಂಬುದು ಮಾತ್ರ ತಡವಾಗಿ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಶಿದ್ಲಿಂಗಪ್ಪ ಹೇಳಿದ. ಹಾನಗಲ್ ಬಸ್ಸಿನಿಂದ ಚೀಲ ಹೊತ್ತು ಇಳಿದೆಯಂತೆ. ಎದುರಿಗೇ ಆ ದೊಡ್ಡ ಬ್ಯಾನರು. ನಿನ್ನನ್ನು ಮೆರವಣಿಗೆ ಮಾಡಿ ಕಳಿಸಿದ ದಿನ ನಿನ್ನ ಅಪ್ಪ ಕಟ್ಟಿಸಿದ್ದು: ಕೊರಳಲ್ಲಿ ಹಾರ, ಹಣೆಯಲ್ಲಿ ವಿಭೂತಿ, ಕೆಳಗೆ "ಮಾನ್ಯದವರ ಮನೆತನದ ವೀರಯೋಧ" ಎಂಬ ಕೆಂಪಕ್ಷರ. ನೀನು ಅದನ್ನೇ ನೋಡುತ್ತ ನಿಂತೆಯಂತೆ. "ಬಾರೋ ತಮ್ಮಾ, ಚಹಾ ಕುಡದು ಹೋಗು" ಎಂದು ಅವನು ಕರೆಯುವಷ್ಟರಲ್ಲಿ ಹಿರೇಕೆರೂರಿನ ಬಸ್ಸು ಹತ್ತಿ ಹೋಗಿಬಿಟ್ಟೆ. ಹಿರೇಕೆರೂರಿನಲ್ಲಿ ನಿನ್ನ ಅಕ್ಕ ತನುಜಾಳ ಮನೆಗೂ ಹೋಗಲಿಲ್ಲ. ಶಂಭ್ಯಾ, ನಿನ್ನದೇ ಮುಖಕ್ಕೆ ಹೆದರಿ ಊರು ಬಿಟ್ಟವನು ನೀನೊಬ್ಬನೇ ಎಂದು ಆಗ ನಾನು ತಿಳಿದಿದ್ದೆ. ಈಗ ಹಾಗೆ ಹೇಳಲಾರೆ. ಇಷ್ಟು ಉದ್ದದ ಪತ್ರಕ್ಕೆ ಅದೇ ಕಾರಣ. ಕೈಕೆಲಸ ಮುಗಿಸಿ ಸಾವಕಾಶವಾಗಿ ಕೂತು ಓದು.

ಯುಗಾದಿಯ ನಂತರ ನಲ್ಲಿನೀರಿನ ಪೈಪು ಹಾಕುವವರು ನಮ್ಮ ಹಿತ್ತಲಿಗೆ ಬಂದರು. ಬನ್ನಿಗಿಡದ ಬುಡದಲ್ಲಿ "ಆಳಿನ ಕಟ್ಟೆ" ಇದೆಯಲ್ಲ, ಯಾವ ಕಾಲದಲ್ಲೋ ನಮ್ಮ ಮನೆಯಲ್ಲಿ ದುಡಿದ ನಂಬಿಗಸ್ತ ಆಳೊಬ್ಬನನ್ನು ಹೂಳಿದ ಜಾಗ ಎಂದು ನಾವು ಹೇಳಿಕೊಂಡು ಬಂದದ್ದು, ಅದರ ಅಂಚನ್ನು ಯಂತ್ರ ಕೆದರಿತು. ಕಲ್ಲು ಜರುಗಿ, ಒಳಗೆ ಮನುಷ್ಯನ ಎಲುಬು ಕಂಡಿತು. ಪೈಪಿನವರು ಓಡಿಹೋದರು. ಹಾನಗಲ್ಲಿನಿಂದ ಪೊಲೀಸರು ಬಂದರು. ಅವರಲ್ಲಿ ದಪ್ಪ ಮೀಸೆಯವನೊಬ್ಬ ಕಾಗದ ತೆಗೆದು, "ನಿಮ್ಮ ಮನ್ಯಾಗ ಯಾರಾರ ಕಾಣಿಯಾಗ್ಯಾರೇನ್ರಿ?" ಎಂದು ಕೇಳಿದ. ನಿನ್ನ ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಿನ್ನ ಅಪ್ಪ ಆಕಾಶ ನೋಡಿದ. ನಾನೇ ಮುಂದೆ ಬಂದು, ಈ ಎಲುಬು ನಮ್ಮ ಅಜ್ಜನ ಅಜ್ಜನಿಗಿಂತ ಹಳೆಯದು, ನೀವು ಚಹಾ ಕುಡಿಯಿರಿ ಎಂದೆ.

ಹಳೆಯದೆಂದು ತಿಳಿದ ಮೇಲೆ ಪೊಲೀಸರು ಹೋದರು, ಎಲುಬು ಓದುವವರು ಬಂದರು. ಅವರ ಮುಖ್ಯಸ್ಥೆ ಯಾರು ಗೊತ್ತೇ? ಸವಣೂರಿನ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಪದ್ಮಜಾ ಟೀಚರ ಮಗಳು ಸಂಪದಾ. ಚಿಕ್ಕವಳಿದ್ದಾಗ ಟೀಚರ ಕೊಠಡಿಯಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗಿ. ಈಗ ಪುಣೆಯಲ್ಲಿ ಇದೇ ವಿದ್ಯೆ ಕಲಿತು, ಹಳೆಯ ಕಾಳಗಗಳಲ್ಲಿ ಸತ್ತ ಸೈನಿಕರ ಎಲುಬು ಹುಡುಕಿ ಅವರು ಯಾರು ಎಂದು ಪತ್ತೆ ಮಾಡುವ ಕೆಲಸದಲ್ಲಿದ್ದಾಳೆ. ನಮ್ಮ ಹಿತ್ತಲಿನಲ್ಲಿ ತಾಡಪತ್ರಿಯ ಚಪ್ಪರ ಹಾಕಿಕೊಂಡು, ಚಿಕ್ಕ ಬ್ರಶ್ಶು ಹಿಡಿದು ಮಣ್ಣನ್ನು ಎಷ್ಟು ಮೆಲ್ಲಗೆ ಸರಿಸುತ್ತಿದ್ದಳೆಂದರೆ, ಮಲಗಿದ ಕೂಸಿನ ಮುಖದ ಮೇಲಿನ ನೊಣ ಓಡಿಸಿದ ಹಾಗೆ. ನಾನು ಹಿತ್ತಲ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಬಿಸಿಲು, ಬನ್ನಿಗಿಡದ ಸಣ್ಣ ನೆರಳು, ಮಣ್ಣಿನ ವಾಸನೆ. ನೋಡುತ್ತ ನೋಡುತ್ತ ತೂಕಡಿಕೆ ಬರುತ್ತಿತ್ತು. ತೂಕಡಿಕೆಯಲ್ಲಿ ಬ್ರಶ್ಶಿನ ಸದ್ದು ಯಾರೋ ಬರಿಗಾಲಿನಲ್ಲಿ ನಡೆದು ಬರುವ ಸದ್ದಾಗುತ್ತಿತ್ತು. ಕಣ್ಣು ಬಿಟ್ಟರೆ ಅದೇ ಹುಡುಗಿ, ಅದೇ ಬ್ರಶ್ಶು.

ಆತ ಕೂತಿದ್ದ, ಶಂಭೂ. ನಮ್ಮವರನ್ನು ಹೇಗೆ ಕೂಡಿಸುತ್ತೇವೋ ಹಾಗೆ, ಪದ್ಮಾಸನದಲ್ಲಿ. ಅಂಗೈಯ ಎಲುಬುಗಳ ನಡುವೆ ಇಷ್ಟಲಿಂಗ. ಆಳೆಂದು ಹೇಳುತ್ತಿದ್ದೆವು, ಆದರೆ ಯಾರೋ ಎಲ್ಲ ವಿಧಿಯನ್ನೂ ಒಂದೂ ಬಿಡದೆ ಮಾಡಿ ಕೂಡಿಸಿದ್ದರು. ಆ ಕಟ್ಟೆಗೆ ನಾವು ಎಮ್ಮೆ ಕಟ್ಟುತ್ತಿದ್ದೆವಲ್ಲ! ನನಗೆ ನಾಚಿಕೆಯಾಗಿ ಅವತ್ತೇ ಎಮ್ಮೆಯನ್ನು ಬೇವಿನಗಿಡಕ್ಕೆ ಕಟ್ಟಿಸಿದೆ. ಎಮ್ಮೆ ಎರಡು ಹೊತ್ತು ಹಾಲು ಕೊಡದೆ ಸಿಟ್ಟು ತೀರಿಸಿಕೊಂಡಿತು.

ಸಂಪದಾ ದಿನಕ್ಕೊಂದು ಹೇಳುತ್ತ ಹೋದಳು. ತೊಡೆಯ ಎಲುಬಿನಲ್ಲಿ ಕುದುರೆ ಏರಿದವರಿಗೆ ಬರುವ ಗುರುತಿದೆ. ತಲೆಬುರುಡೆಯ ಮೇಲೆ ಕತ್ತಿಯ ಏಟು ಬಿದ್ದಿದೆ. ಸೊಂಟದ ಎಲುಬಿನಲ್ಲಿ ಹಳೆಯ ಕಾಲದ ಬಂದೂಕಿನ ಸೀಸದ ಗುಂಡು ಹಾಗೇ ಕೂತಿದೆ. "ಅಜ್ಜಿ, ಇವರು ಬರೇ ಆಳಲ್ಲ. ಇವರು ಕಾಳಗ ಕಂಡವರು" ಎಂದಳು. ಅಲ್ಲಿಯವರೆಗೆ ಪೈಪು ಯಾವಾಗ ಹಾಕುತ್ತಾರೆ ಎಂದಷ್ಟೇ ಕೇಳುತ್ತಿದ್ದ ನಿನ್ನ ಅಪ್ಪ ಮಹಾಲಿಂಗಪ್ಪನ ಕಿವಿ ನೆಟ್ಟಗಾಯಿತು. ನಮ್ಮ ಮನೆತನಕ್ಕೆ ಸೈನಿಕನೆಂದರೆ ಒಬ್ಬನೇ. ಸವಣೂರಿನ ಕಾಳಗದಲ್ಲಿ ಸತ್ತ ಸಂಗಪ್ಪ. ಯಾವ ದೊರೆಯ ಪರವಾಗಿ ಸತ್ತನೆಂಬುದು ನಿನ್ನ ಅಪ್ಪನಿಗೂ ಖಚಿತವಿಲ್ಲ, ಆದರೆ ಸತ್ತದ್ದು ಖಚಿತ. ಅವನು ಸುರಿಸಿದ ರಕ್ತಕ್ಕೆ ಬದಲಾಗಿ ಮನೆಯವರಿಗೆ ಕೊಟ್ಟ ಹೊಲವೇ ನಾವಿವತ್ತು ಉಣ್ಣುವ ರಕ್ತಮಾನ್ಯದ ಹೊಲ. ನಮಗೆ ಮಾನ್ಯದವರು ಎಂಬ ಹೆಸರು ಬಂದದ್ದು ಅದರಿಂದಲೇ. ಹೆಣ ಸಿಗಲಿಲ್ಲವೆಂದು ಹೊಲದ ಬದುವಿನಲ್ಲಿ ವೀರಗಲ್ಲು ನಿಲ್ಲಿಸಿದರು. ನೀನು ಅದರ ಮೇಲೆ ಹತ್ತಿ ಕೂತು ಎಷ್ಟು ಸಲ ಬೈಸಿಕೊಂಡಿದ್ದೀಯ!

ಒಂದು ಮುಂಜಾನೆ ಸಂಪದಾ ಎರಡು ತೋಳಿನ ಎಲುಬುಗಳನ್ನು ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟಳು. "ನೋಡ್ರಿ ಅಜ್ಜಿ, ಎಡಗೈದು ದಪ್ಪ ಅದ. ಬಲಗೈಗಿಂತ ಎಷ್ಟು ಗಟ್ಟಿ ಅದ ನೋಡ್ರಿ. ಇವರು ಎಡಗೈಯಾಗ ಕತ್ತಿ ಹಿಡೀತಿದ್ರು" ಎಂದಳು. ನಾನು ಎದ್ದು ನಿಂತೆ. ನಮ್ಮ ವೀರಗಲ್ಲಿನ ಸಂಗಪ್ಪನ ಕತ್ತಿ ಎಡಗೈಯಲ್ಲಿದೆ. ನಿನ್ನ ಅಜ್ಜ ಯಾವಾಗಲೂ ನಗುತ್ತ, "ಕೆತ್ತಿದಾಂವ ಕುಡದು ಕೆತ್ಯಾನ" ಎನ್ನುತ್ತಿದ್ದರು. ಊರೆಲ್ಲ ಹಾಗೆಯೇ ನಂಬಿತ್ತು. ನಾನು ಸಂಪದಾಳ ಕೈ ಹಿಡಿದು ಬದುವಿನವರೆಗೆ ನಡೆಸಿಕೊಂಡು ಹೋದೆ. ಕಲ್ಲಿನ ಕೆಳಗಿನ ಸಾಲಿನಲ್ಲಿ ಸಂಗಪ್ಪ ಎಡಗೈಯಲ್ಲಿ ಕತ್ತಿ ಎತ್ತಿದ್ದಾನೆ. ಮೇಲಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಸ್ವರ್ಗಕ್ಕೆ ಹೋಗುತ್ತಿದ್ದಾರೆ. ಸಂಪದಾ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಸಾಲು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, ಬುರುಡೆಯ ಮೇಲಿನ ಏಟಿನ ಅಂಚು ಚೂಪಾಗಿಲ್ಲ, ದುಂಡಾಗಿ ಕೂಡಿಕೊಂಡಿದೆಯೆಂದು. ಸೀಸದ ಗುಂಡಿನ ಸುತ್ತ ಹೊಸ ಎಲುಬು ಬೆಳೆದಿದೆ. ದವಡೆಯಲ್ಲಿ ಹಲ್ಲು ಬಿದ್ದ ಗುಳಿಗಳು ಮುಚ್ಚಿಹೋಗಿವೆ. ಈ ಮನುಷ್ಯ ಗಾಯಗೊಂಡ ಮೇಲೆ ಕುಂಟುತ್ತ ಬಹಳ ವರ್ಷ ಬದುಕಿದ್ದ, ಮುದುಕನಾಗಿ ಸತ್ತ.

ನಿನ್ನ ಅಪ್ಪ ನಕ್ಕುಬಿಟ್ಟ. "ಸತ್ತಾಂವ ಮುದುಕ ಹೆಂಗ ಆದಾನವ್ವಾ? ಇಂವ ಬ್ಯಾರೆ ಯಾರೋ. ಜಗತ್ತಿನ್ಯಾಗ ರೊಡ್ಡರು ಒಬ್ಬಾಂವನ ಇರ್ತಾನೇನು?" ಎಂದ. ಎಡಗೈಯವರು ನಮ್ಮ ಮನೆಯಲ್ಲೇ ಇದ್ದಾರೆ, ನೀನೂ ರೊಡ್ಡನೇ ಎಂಬುದು ಅವನ ಬಾಯಿಗೆ ಬಂದಿರಬೇಕು, ಅಲ್ಲಿಗೇ ನಿಲ್ಲಿಸಿದ. ಎಲುಬು ಹೆಸರು ಹೇಳುವುದಿಲ್ಲ, ಆದರೆ ಯಾವ ಮನೆಯದೆಂದು ಹೇಳಬಹುದು ಎಂದಳು ಸಂಪದಾ. ಹಲ್ಲಿನಿಂದ ಡಿಎನ್‌ಎ ತೆಗೆಯುತ್ತಾರಂತೆ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬದಲಾಗದೆ ಇಳಿದು ಬರುವ ಒಂದು ಗುರುತು ಅದರಲ್ಲಿರುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ನಿನ್ನ ಅಪ್ಪನ ಕೆನ್ನೆಯ ಒಳಗೆ ಆಡಿಸಿದರೆ ಸಾಕು. ಅವನು ಮೊದಲು ಒಲ್ಲೆನೆಂದ. ಆಮೇಲೆ, ಅಲ್ಲವೆಂದೇ ಉತ್ತರ ಬರುತ್ತದೆಂಬ ಧೈರ್ಯದಲ್ಲಿ ಬಾಯಿ ತೆರೆದ.

ಉತ್ತರ ಬರುವವರೆಗಿನ ಮಳೆಗಾಲವೆಲ್ಲ ನನಗೆ ಕನಸಿನಲ್ಲಿ ಕಳೆದಂತೆ ಇದೆ. ಮಧ್ಯಾಹ್ನ ಉಂಡು ಹಿತ್ತಲ ಹೊಸ್ತಿಲಿಗೆ ತಲೆಯಿಟ್ಟು ಅಡ್ಡಾದರೆ ಸಾಕು, ಜಿಟಿಜಿಟಿ ಮಳೆಯಲ್ಲಿ ಬನ್ನಿಗಿಡದ ಆಚೆ ಒಬ್ಬನು ನಿಂತಿರುತ್ತಿದ್ದ. ತಲೆಯ ಮೇಲೆ ಕಂಬಳಿ, ಒಂದು ಕಾಲಿನ ಮೇಲೆ ಭಾರ. ಮುಖ ಕಾಣುತ್ತಿರಲಿಲ್ಲ. ಒಳಗೆ ಬಾ ಎನ್ನಬೇಕೆಂದರೆ ನನ್ನ ಬಾಯಿ ಬರುತ್ತಿರಲಿಲ್ಲ. ಒಂದು ದಿನ ಅವನು ಎಡಗೈಯಿಂದ ಕಂಬಳಿ ಸರಿಸಿದ. ಸಂಗಪ್ಪನೋ ನೀನೋ ಎಂದು ನೋಡುವಷ್ಟರಲ್ಲಿ ಎಮ್ಮೆ ಕೂಗಿ ಎಚ್ಚರವಾಯಿತು. ಅಂದೇ ನನಗೆ ನಮ್ಮ ಮನೆಯ ಮಾನೌಮಿ ಊಟದ ಅರ್ಥ ತಟ್ಟನೆ ಹೊಳೆಯಿತು.

ಮಹಾನವಮಿಯ ದಿನ ಇಡೀ ತಾಲೂಕಿನಲ್ಲಿ ಯಾರ ಮನೆಯಲ್ಲೂ ಇಲ್ಲದ ಪದ್ಧತಿ ನಮ್ಮದು. ಮನೆಯ ಗಂಡಸೊಬ್ಬನು ತಲೆಯ ಮೇಲೆ ಕಂಬಳಿ ಹೊದ್ದು ಹಿತ್ತಲ ಬಾಗಿಲಿಗೆ ಬರಬೇಕು. ಹಿರಿಯ ಹೆಂಗಸು ಊರಿಗೆಲ್ಲ ಕೇಳುವ ಹಾಗೆ, "ಯಾವ ಊರಾಂವ?" ಎನ್ನಬೇಕು. ಅವನು "ದಾರಿ ತಪ್ಪಿದಾಂವ" ಎನ್ನಬೇಕು. ಹೆಸರು ಯಾರೂ ಕೇಳಬಾರದು. ಎಲ್ಲರಿಗಿಂತ ಮೊದಲು ಅವನಿಗೆ ಬಡಿಸಬೇಕು, ಅದೂ ಉಲ್ಟಾ ಎಡೆ: ಉಪ್ಪು, ಚಟ್ನಿ ಬಲಕ್ಕೆ, ಪಲ್ಯ ಎಡಕ್ಕೆ. ನಿನ್ನ ಅಜ್ಜನಿದ್ದಾಗ ಅವರು ಕಂಬಳಿ ಹೊದೆಯುತ್ತಿದ್ದರು, ಆಮೇಲೆ ನಿನ್ನ ಅಪ್ಪ. ನಾನು ಮದುವೆಯಾಗಿ ಬಂದ ವರ್ಷ ಎಲ್ಲರಿಗೂ ಬಡಿಸುವಂತೆ ನೆಟ್ಟಗೆ ಬಡಿಸಿದ್ದಕ್ಕೆ ನನ್ನ ಅತ್ತೆ, "ಅಂವಂದು ಹಂಗಲ್ಲ" ಎಂದು ಎಡೆಯನ್ನೇ ಎತ್ತಿಸಿದ್ದರು. ಅಂವ ಅಂದರೆ ಯಾರು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಹಬ್ಬದ ದಿನ ಹಸಿದವನಿಗೆ ಮೊದಲು ಇಕ್ಕಬೇಕೆಂದು ಮಾಡಿರಬೇಕು ಎಂದರು. ಹಸಿದವನಿಗೆ ಉಲ್ಟಾ ಯಾಕೆ ಬಡಿಸಬೇಕು ಎಂದು ಇಷ್ಟು ವರ್ಷದಲ್ಲಿ ನಾವ್ಯಾರೂ ಯೋಚಿಸಲಿಲ್ಲ.

ಹೋದ ವಾರ ಸಂಪದಾ ಉತ್ತರ ಹಿಡಿದು ಬಂದಳು. ನಿನ್ನ ಅಪ್ಪನದೂ ಆತನದೂ ಒಂದೇ ಬಳ್ಳಿ. ಹಲ್ಲಿನಲ್ಲಿರುವ ನೀರಿನ ಗುರುತೂ ಇದೇ ಸೀಮೆಯದು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಲ್ಲಿ ಈ ನೀರನ್ನೇ ಕುಡಿದವನು. "ಇವರೇ ಸಂಗಪ್ಪ ಅಂತ ನಾ ಬರದು ಕೊಡ್ಲಿಕ್ಕೆ ಬರೂದಿಲ್ರಿ. ಆದ್ರ ನಿಮ್ಮ ಮನಿಯವರು, ಎಡಗೈಯವರು, ಕಾಳಗದಾಗ ಗಾಯ ಆದವರು. ಇಷ್ಟು ಖರೆ ಅದ" ಎಂದಳು. ನನಗೆ ಅಷ್ಟು ಸಾಕಾಗಿತ್ತು.

ನಿನ್ನ ಅಪ್ಪನಿಗೆ ಮಾತ್ರ ಎಲ್ಲಿಲ್ಲದ ಸಿಟ್ಟು ಬಂತು. "ಸತ್ತಾನಂತ ಹೊಲಾ ಕೊಟ್ಟಾರ. ಜೀವಂತ ಇದ್ದನಂದ್ರ ಅದು ಮೋಸ ಆತಲ್ಲ? ಇಷ್ಟ ತಲಿಮಾರು ಎದಿ ಉಬ್ಬಿಸ್ಕೊಂಡು ಅಡ್ಡಾಡೇವಿ. ಈಗ ನಾಕು ಮಂದ್ಯಾಗ ಏನಂತ ಹೇಳ್ಲಿ? ನಮ್ಮಾಂವ ಹೊಳ್ಳಿ ಬಂದು ಸಗಣಿ ಬಳದಾನಂತ ಹೇಳ್ಲೇನು?" ಎಂದು ಕೂಗಾಡಿದ. ಅವನ ಸಿಟ್ಟು ಯಾರ ಮೇಲೆಂದು ನನಗೂ ತಿಳಿಯಿತು, ಅಡುಗೆಮನೆಯ ಬಾಗಿಲಲ್ಲಿ ನಿಂತ ನಿನ್ನ ಅವ್ವನಿಗೂ ತಿಳಿಯಿತು. ಇಷ್ಟು ತಿಂಗಳು ಅವನು ಊರಿಗೆಲ್ಲ ನಿನಗೆ ರಜೆ ಸಿಕ್ಕಿಲ್ಲವೆಂದೇ ಹೇಳುತ್ತ ಬಂದವನು. ಸಂಪದಾ ಹೊರಗಿನವಳು, ಅವಳಿಗೆ ಇದೇನೂ ಗೊತ್ತಿರಲಿಲ್ಲ. ಅವಳು ಪೆಟ್ಟಿಗೆ ತೆರೆದು ಬುರುಡೆಯನ್ನು ಎರಡೂ ಕೈಯಲ್ಲಿ ತೆಗೆದು ಅವನ ಮುಂದೆ ಹಿಡಿದಳು. "ಕಾಕಾ, ಇಲ್ಲೆ ಮುಟ್ಟಿ ನೋಡ್ರಿ. ಇಂಥಾ ಏಟು ಬಿದ್ದವರು ತಾವಾಗೇ ಉಳಿಯೂದಿಲ್ಲ. ತಿಂಗಳಗಟ್ಲೆ ಯಾರೋ ಬಾಯಾಗ ನೀರು ಬಿಟ್ಟಾರ, ಗಾಯ ತೊಳದಾರ, ಕಾಲಿಗೆ ಆಸರ ಆಗ್ಯಾರ. ಅದು ಈ ಎಲುಬಿನ ಮ್ಯಾಲೆ ಕಾಣಸ್ತದ" ಎಂದಳು. ನಿನ್ನ ಅಪ್ಪ ಬೆರಳು ಮುಂದೆ ಮಾಡಿ, ಆ ಕೂಡಿಕೊಂಡ ಗಾಯದ ಗೆರೆಯ ಮೇಲೆ ಮೆಲ್ಲಗೆ ಆಡಿಸಿದ. ಆಮೇಲೆ ಎದ್ದು ಹೊಲಕ್ಕೆ ಹೋದವನು ಊಟದ ಹೊತ್ತಿಗೂ ಬರಲಿಲ್ಲ.

ನಾನು ಆ ಹೊತ್ತಿನಿಂದ ಸಂಗಪ್ಪನ ಹೆಂಡತಿಯನ್ನೇ ನೆನೆಯುತ್ತಿದ್ದೇನೆ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಗಂಡ ಸತ್ತನೆಂದು ಕಲ್ಲು ನಿಂತಾಗಿತ್ತು, ಹೊಲ ಕೈಗೆ ಬಂದಾಗಿತ್ತು. ಆಮೇಲೆ ಒಂದು ದಿನ ಆತ ಇನ್ನೂ ಮಾಯದ ಗಾಯದ ತಲೆ ಹೊತ್ತು ಬಂದಿರಬೇಕು. ಬದುವಿನಲ್ಲಿ ತನ್ನದೇ ಕಲ್ಲು ನೋಡಿ ನಿಂತಿರಬೇಕು. ಮುಂಬಾಗಿಲಿಗೆ ಬರಲು ಮುಖವಿಲ್ಲದೆ, ಕಂಬಳಿ ಎಳೆದುಕೊಂಡು ಹಿತ್ತಲಿಗೆ ಸುತ್ತಿ ಬಂದ. ಅವಳು ನೋಡಿದಳು. ಕೂಗಿದರೆ ಊರಿಗೆ ತಿಳಿಯುತ್ತದೆ, ಹೊಲ ಹೋಗುತ್ತದೆ, ಮಾನವೂ ಹೋಗುತ್ತದೆ. ಸುಮ್ಮನಿದ್ದರೆ ಆತ ಹಿಂದಿರುಗಿ ಹೋಗುತ್ತಾನೆ. ಆ ಒಂದು ಗಳಿಗೆಯಲ್ಲಿ ಆ ಜಾಣೆ ನೆರೆಮನೆಗೆ ಕೇಳುವಂತೆ ಗಟ್ಟಿಯಾಗಿ, ಯಾವ ಊರಾಂವ ಎಂದು ಕೇಳಿದಳು. ಆತನಿಗೆ ಅರ್ಥವಾಯಿತು. ದಾರಿ ತಪ್ಪಿದಾಂವ ಎಂದ. ಅಲ್ಲಿಂದ ಮುಂದೆ ತನ್ನ ಮನೆಯಲ್ಲೇ ಆಳಾಗಿ ಉಳಿದ. ಹಗಲೆಲ್ಲ ವಿಧವೆಯಂತೆ ಓಡಾಡುವ ಹೆಂಡತಿ, ಅಪ್ಪಾ ಎನ್ನಲಾರದ ಮಕ್ಕಳು, ಮೇಲೆ ಸ್ವರ್ಗಕ್ಕೆ ಹೊತ್ತೊಯ್ಯುವ ಅಪ್ಸರೆಯರ ಕಲ್ಲು, ಕೆಳಗೆ ಕುಂಟುತ್ತ ದನ ಕಟ್ಟುವ ಸಂಗಪ್ಪ. ಆದರೂ ಅವಳು ಬಡಿಸುವಾಗ ಮರೆಯಲಿಲ್ಲ. ಎಡಗೈ ಮುಂದೆ ಬರುವವನಿಗೆ ಪಲ್ಯ ಎಡಕ್ಕೆ. ಇದೆಲ್ಲ ನನ್ನ ಕಲ್ಪನೆ ಎಂದು ಸಂಪದಾ ನಕ್ಕಳು, ಎಲುಬಿನಲ್ಲಿ ಇಷ್ಟೆಲ್ಲ ಬರೆದಿಲ್ಲವಂತೆ. ಇರಲಿ. ಅವಳು ಅವಳ ಕೆಲಸ ಮಾಡಿದಳು, ನಾನು ನನ್ನದು ಮಾಡುತ್ತೇನೆ.

ಆತ ಕುಂಟುತ್ತ ಬಂದದ್ದಕ್ಕೆ ನಾನು ಒಂದು ಕ್ಷಣವೂ ನಾಚಿಕೆಪಡುವುದಿಲ್ಲ, ಶಂಭೂ. ನನಗೆ ಸಂತೋಷವಾಗಿದೆ. ಆತ ಕಾಳಗದಲ್ಲೇ ಬಿದ್ದಿದ್ದರೆ ನಮಗೊಂದು ಕಲ್ಲು ಇರುತ್ತಿತ್ತು, ಅಷ್ಟೇ. ಬಂದದ್ದರಿಂದ ಅವಳಿಗೆ ಅವನು ಸಿಕ್ಕ. ಊಟದ ಹೊತ್ತಿಗೆ ಎದುರಿಗೆ ಕೂರುವ ಗಂಡ, ಹೆಸರಿಲ್ಲದಿದ್ದರೇನು, ಇದ್ದನಲ್ಲ. ನನಗೆ ನೋವಾಗುವುದು ಒಂದೇ ವಿಷಯಕ್ಕೆ. ಸಾಯುವವರೆಗೆ ಆ ಮನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಗಟ್ಟಿಯಾಗಿ ಕರೆಯಲಿಲ್ಲ.

ಇನ್ನು ನಿನ್ನ ಅಪ್ಪನ ಸುದ್ದಿ. ಹೊಲಕ್ಕೆ ಹೋದವನು ಸಂಜೆ ಬಸ್ ಸ್ಟ್ಯಾಂಡಿನ ದಾರಿಯಿಂದ ಬಂದ. ಹೆಗಲ ಮೇಲೆ ಸುರುಳಿ ಸುತ್ತಿದ ನಿನ್ನ ಬ್ಯಾನರು! ಶಿದ್ಲಿಂಗಪ್ಪನ ಅಂಗಡಿಯ ಏಣಿ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ತಾನೇ ಹತ್ತಿ ಹಗ್ಗ ಬಿಚ್ಚಿದನಂತೆ. ಯಾರೋ, "ಯಾಕ್ರಿ ಗೌಡ್ರ, ಹೊಸಾದು ಹಾಕಸ್ತೀರೇನು?" ಎಂದು ಕೇಳಿದ್ದಕ್ಕೆ, "ಇಲ್ಲಪಾ. ಹುಡುಗನ ಮೊಣಕಾಲು ಕೆಟ್ಟೈತಿ, ಸೈನ್ಯ ಬಿಟ್ಟು ಬಂದಾನ" ಎಂದನಂತೆ. ಅಷ್ಟು ಜನರ ಮುಂದೆ, ಅಷ್ಟೇ ಮಾತು. ಶಿದ್ಲಿಂಗಪ್ಪ ಅವನಿಗೆ ಚಹಾ ಕೊಟ್ಟನಂತೆ, ಊರು ತನ್ನ ಪಾಡಿಗೆ ಎಲೆಯಡಿಕೆ ಜಗಿಯಿತಂತೆ. ಯಾರೂ ನಗಲಿಲ್ಲ. ಮನೆಗೆ ಬಂದು ಆ ಬ್ಯಾನರನ್ನು ಮೇವಿನ ಬಣವೆಯ ಮೇಲೆ ಮಳೆ ಬೀಳದಂತೆ ಹೊದಿಸಿದ್ದಾನೆ. ನಿನ್ನ ಮುಖ ಒಳಗೆ ಮೇವಿನ ಕಡೆಗಿದೆ, ಬಿಳಿಯ ಬೆನ್ನು ಹೊರಗೆ. ಎಮ್ಮೆಗೆ ಮೇವು ಎಳೆಯುವಾಗ ನಿನ್ನ ಅವ್ವ ಅಂಚನ್ನೆತ್ತಿ ಒಮ್ಮೆ ಒಳಗೆ ಇಣುಕುವುದನ್ನು ನಾನು ನೋಡಿದ್ದೇನೆ.

ಸಂಗಪ್ಪನನ್ನು ಮತ್ತೆ ಬನ್ನಿಗಿಡದ ಬುಡದಲ್ಲೇ ಕೂಡಿಸಲು ಸರಕಾರಿ ಕಚೇರಿಯವರು ಒಪ್ಪಿದ್ದಾರೆ. ಹಲ್ಲೊಂದು ಸಂಪದಾಳ ಹತ್ತಿರ ಉಳಿಯುತ್ತದೆ. ಮಹಾನವಮಿಯ ಮುಂಜಾನೆ ಅಯ್ಯನವರು ವಿಧಿ ಮಾಡಿಸಲು ಬರುತ್ತಾರೆ, ತನುಜಾಳೂ ಹಿರೇಕೆರೂರಿನಿಂದ ಕೂಸು ಕರೆದುಕೊಂಡು ಬರುತ್ತಾಳೆ. ಆ ಕೂಸು ಚಮಚವನ್ನು ಎಡಗೈಯಲ್ಲೇ ಹಿಡಿಯುತ್ತದೆಂದು ಅವಳ ಅತ್ತೆಗೆ ಚಿಂತೆಯಂತೆ. ಚಿಂತೆ ಬೇಡ, ನಮ್ಮ ಮನೆಯಲ್ಲಿ ಅದಕ್ಕೆ ಕಲ್ಲಿನ ಸಾಕ್ಷಿ ಇದೆ ಎಂದು ಹೇಳಿ ಕಳಿಸಿದ್ದೇನೆ. ಪೈಪಿನವರು ಬೇಲಿಯ ಗುಂಟ ಸುತ್ತು ಹಾಕಿಕೊಂಡು ಹೋಗಿದ್ದಾರೆ, ನಲ್ಲಿಗೆ ನೀರು ಬರುತ್ತಿದೆ. ಎಮ್ಮೆ ಬೇವಿನಗಿಡಕ್ಕೆ ಹೊಂದಿಕೊಂಡಿದೆ.

ನೀನು ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ಕಾಲಿಗೆ ಬೆಚ್ಚಗೆ ಸುತ್ತಿಕೊ. ನಿನ್ನ ಮೈಮೇಲೆ ನನ್ನ ಕೈಯಿದೆ ಎಂದು ತಿಳಿ. ಖಾನಾವಳಿಯ ಮಾಲಕರಿಗೂ ಅವರ ಮನೆಯವರಿಗೂ ನನ್ನ ಶರಣು ತಿಳಿಸು. ನಮ್ಮ ಹುಡುಗನಿಗೆ ಇಷ್ಟು ದಿನ ಅನ್ನ ಹಾಕಿದವರು.

ನಿನ್ನ ಆಯಿ,
ಹೊನ್ನವ್ವ

ತಾ.ಕ.: ಪತ್ರ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ, ಮುನಾಫ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಇದರ ಜೊತೆ ಅವನು ಕೊಡುವ ಗಂಟು ನೋಡಿ ಗಾಬರಿಯಾಗಬೇಡ. ಅದು ಮಾನೌಮಿಯ ಕಂಬಳಿ. ನಾನು ಕಳಿಸಿದ್ದಲ್ಲ. ನಿನ್ನ ಅಪ್ಪನಿಗೆ ನಾನು ಏನೂ ಹೇಳಿರಲಿಲ್ಲ, ಅಡುಗೆಮನೆಯ ಗೋಡೆ ಹೇಳಿರಬೇಕು. ಈಗ ಬಂದು ತಾನೇ ಕಂಬಳಿ ಝಾಡಿಸಿ, ಮಡಿಸಿ, ಗಂಟು ಕಟ್ಟಿ ಗಾಡಿಯ ಮುಂದಿನ ಸೀಟಿನಲ್ಲಿಟ್ಟ. "ಮುನಾಫ, ಇದನ್ನ ಅವಂಗ ಕೊಡು. ನಮ್ಮ ಮನ್ಯಾಗ ಇದೊಂದ ಕಂಬಳಿ ಇರೂದು, ಮಾನೌಮಿಗೆ ಬೇಕಾಕ್ಕೈತಿ. ತಾನ ತಂದು ಮುಟ್ಟಸ್ಬೇಕಂತ ಹೇಳು" ಎಂದು ಹೇಳಿ, ನನ್ನ ಕಡೆ ನೋಡದೆ ಒಳಗೆ ಹೋದ. ಹಿತ್ತಲ ಬಾಗಿಲಿನ ಅಗಳಿ ತೆಗೆದಿರುತ್ತೇನೆ. ಯಾವ ಊರಾಂವ ಎಂದು ಕೇಳುತ್ತೇನೆ, ಏನು ಹೇಳಬೇಕೆಂದು ನಿನಗೆ ಗೊತ್ತು. ಉಲ್ಟಾ ಎಡೆ ನಿನ್ನ ಕೈಗೆ ಸರಿಯಾಗುತ್ತದೆ. ನೀನು ಉಂಡು ಕೈ ತೊಳೆಯುವವರೆಗೆ ಯಾರೂ ಹೆಸರು ಕೇಳುವುದಿಲ್ಲ. ಆಮೇಲೆ ಪದ್ಧತಿ ಮುರಿಯುತ್ತೇನೆ: ಮುಂಬಾಗಿಲು ತೆರೆದು, ಬಸ್ ಸ್ಟ್ಯಾಂಡಿನವರೆಗೂ ಕೇಳುವ ಹಾಗೆ, ಮೊದಲು ಸಂಗಪ್ಪಾ ಎಂದು ಕರೆಯುತ್ತೇನೆ, ಆಮೇಲೆ ಶಂಭುಲಿಂಗಾ ಎಂದು. ನಿನ್ನ ಸರದಿ ಬಂದಾಗ ಓ ಎನ್ನು.